ಕಾಣುವ ಗೋಡೆ ಗೋಡೆಯಲ್ಲ, ಹಿಂದಿರುವ ಮಣ್ಣೇ ಗೋಡೆ

ಫ್ಲೈಓವರ್ ಶುರುವಾಗುವ ಕಡೆ ರಸ್ತೆ ನಿಧಾನಕ್ಕೆ ಮೇಲೇರುತ್ತದಲ್ಲ, ಅಲ್ಲಿ ಪಕ್ಕದಲ್ಲಿ ನೆಟ್ಟಗೆ ನಿಂತ ಗೋಡೆಯನ್ನು ನೀವು ನೋಡಿಯೇ ಇರುತ್ತೀರಿ. ಕೂಡಿಸುವ ಚಿಹ್ನೆಯ ಹಾಗೋ, ಚೌಕವಾಗಿಯೋ ಇರುವ ಕಾಂಕ್ರೀಟ್ ಹಲಗೆಗಳನ್ನು ಒಂದರ ಪಕ್ಕ ಒಂದು ಹೊಂದಿಸಿರುತ್ತಾರೆ. ಹತ್ತಿರ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಹಲಗೆಗಳ ನಡುವೆ ಸಿಮೆಂಟ್ ಇಲ್ಲ, ಬೆರಳು ತೂರುವಷ್ಟು ಸಂದು ಇದೆ. ಹಲಗೆಯ ದಪ್ಪ 14ರಿಂದ 18 ಸೆಂಟಿಮೀಟರ್, ಅಷ್ಟೇ. ಅದರ ಹಿಂದೆ ಎಂಟು ಮೀಟರ್ ಎತ್ತರದ ಮಣ್ಣು, ಆ ಮಣ್ಣಿನ ಮೇಲೆ ದಿನವಿಡೀ ಓಡಾಡುವ ಲಾರಿಗಳು. ಇಷ್ಟು ತೆಳ್ಳಗಿನ ಬಿಡಿ ಹಲಗೆಗಳು ಅಷ್ಟೊಂದು ಮಣ್ಣನ್ನು ಹೇಗೆ ತಡೆದು ನಿಲ್ಲಿಸುತ್ತವೆ?

ನಿಲ್ಲಿಸುವುದಿಲ್ಲ. ಅವು ಬರೀ ಚರ್ಮ. ನಿಜವಾದ ಗೋಡೆ ಅದರ ಹಿಂದಿರುವ ಐದಾರು ಮೀಟರ್ ಅಗಲದ ಮಣ್ಣು. ಮಣ್ಣೇ ಮಣ್ಣನ್ನು ತಡೆದು ನಿಂತಿದೆ.

ಇದಕ್ಕೆ ಪುಸ್ತಕದ ಕನ್ನಡದಲ್ಲಿ 'ಬಲವರ್ಧಿತ ಮಣ್ಣಿನ ತಡೆಗೋಡೆ' ಅನ್ನಬಹುದು. ಸೈಟಿನಲ್ಲಿ ಎಲ್ಲರೂ ಹೇಳುವುದು 'ಆರ್‌ಇ ವಾಲ್', ಅಂದರೆ ರೀಇನ್ಫೋರ್ಸ್ಡ್ ಅರ್ತ್ ವಾಲ್. ಅಮೆರಿಕದ ಪುಸ್ತಕಗಳಲ್ಲಿ 'ಎಂಎಸ್‌ಇ ವಾಲ್', ಅಂದರೆ ಮೆಕ್ಯಾನಿಕಲಿ ಸ್ಟೆಬಿಲೈಸ್ಡ್ ಅರ್ತ್ ವಾಲ್ ಅಂತ ಬರುತ್ತದೆ. ಎರಡೂ ಒಂದೇ.

ಮೊದಲು ಮಣ್ಣಿನ ಸ್ವಭಾವ ನೋಡೋಣ. ಒಣ ಮರಳನ್ನು ಒಂದು ಕಡೆ ಸುರಿಯುತ್ತಾ ಹೋಗಿ. ಗುಡ್ಡೆ ಬೆಳೆಯುತ್ತದೆ, ಆದರೆ ಇಳಿಜಾರು ಸುಮಾರು 30 ಡಿಗ್ರಿ ದಾಟುತ್ತಿದ್ದ ಹಾಗೆ ಮರಳು ಜಾರಿ ಕೆಳಗೆ ಬರುತ್ತದೆ. ಎಷ್ಟೇ ಸುರಿದರೂ ಗುಡ್ಡೆ ಅಗಲವಾಗುತ್ತದೆಯೇ ಹೊರತು ಕಡಿದಾಗುವುದಿಲ್ಲ. ಕಾಳಿಗೂ ಕಾಳಿಗೂ ನಡುವಿನ ಘರ್ಷಣೆ ಆ ಕೋನದವರೆಗೆ ಮಾತ್ರ ಹಿಡಿದಿಡಬಲ್ಲದು. ಎಂಜಿನಿಯರುಗಳು ಇದನ್ನು ಒಳಘರ್ಷಣೆ ಕೋನ ಅಂತ ಕರೆಯುತ್ತಾರೆ. ಚೆನ್ನಾಗಿ ದಮ್ಮಸ್ಸು ಮಾಡಿದ ಮರಳು, ಜಲ್ಲಿ ಇದ್ದರೆ ಈ ಕೋನ 34 ಡಿಗ್ರಿ, ಅದಕ್ಕಿಂತ ಜಾಸ್ತಿಯೂ ಇರಬಹುದು. ಈ ಬರಹದಲ್ಲಿ ಲೆಕ್ಕ ಸುಲಭವಾಗಲಿ ಅಂತ 30 ಡಿಗ್ರಿ ಹಿಡಿಯೋಣ.

ಈಗ ಆ ಮರಳನ್ನು ನೆಟ್ಟಗೆ, 90 ಡಿಗ್ರಿಯಲ್ಲಿ ನಿಲ್ಲಿಸಬೇಕು ಅಂದುಕೊಳ್ಳಿ. ಅದು ತಾನಾಗಿ ನಿಲ್ಲುವುದಿಲ್ಲ, ಮುಂದೆ ಏನಾದರೂ ಇಟ್ಟರೆ ಅದನ್ನು ತಳ್ಳುತ್ತದೆ. ಎಷ್ಟು ತಳ್ಳುತ್ತದೆ? ಘನ ಮೀಟರಿಗೆ 18 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕಿಲೋ ಭಾರ) ತೂಕದ, 30 ಡಿಗ್ರಿ ಕೋನದ ಮಣ್ಣಾದರೆ, ಮೇಲಿನಿಂದ ಬೀಳುವ ಭಾರದ ಮೂರನೇ ಒಂದು ಭಾಗ ಅಡ್ಡಕ್ಕೆ ತಳ್ಳುವ ಒತ್ತಡವಾಗುತ್ತದೆ. ಎಂಟು ಮೀಟರ್ ಗೋಡೆಯ ಬುಡದಲ್ಲಿ ಅದು ಚದರ ಮೀಟರಿಗೆ 48 ಕಿಲೋನ್ಯೂಟನ್. ಮೇಲ್ತುದಿಯಲ್ಲಿ ಸೊನ್ನೆ. ಎಲ್ಲ ಸೇರಿಸಿದರೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೆ 192 ಕಿಲೋನ್ಯೂಟನ್. ಟನ್ನಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಹತ್ತೊಂಬತ್ತೂವರೆ ಟನ್. ಲಾರಿಗಳ ಭಾರ ಇನ್ನೂ ಸೇರಿಸಿಲ್ಲ.

ಹಳೆಯ ದಾರಿ ಏನೆಂದರೆ, ಇದಕ್ಕೆ ಎದುರಾಗಿ ಭಾರಿ ಗೋಡೆ ಕಟ್ಟುವುದು. ಕಲ್ಲಿನದ್ದಾದರೆ ಬುಡ ಮೂರು ನಾಲ್ಕು ಮೀಟರ್ ಅಗಲ ಬೇಕಾಗುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟಾದರೆ ಅಡಿಪಾಯದ ಚಪ್ಪಡಿ ಹಿಂದಕ್ಕೆ ಉದ್ದವಾಗಿ ಹೋಗಬೇಕು. ಎತ್ತರ ಜಾಸ್ತಿಯಾದಂತೆ ಖರ್ಚು ಸಿಕ್ಕಾಪಟ್ಟೆ ಏರುತ್ತದೆ, ಯಾಕೆಂದರೆ ತಳ್ಳುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ಹೊಸ ದಾರಿ ಬೇರೆಯದೇ ಪ್ರಶ್ನೆಯಿಂದ ಶುರುವಾಗುತ್ತದೆ. ಮಣ್ಣು ತಳ್ಳಿದ ಮೇಲೆ ಅದನ್ನು ಹೊರಗಿನಿಂದ ತಡೆಯುವುದು ಯಾಕೆ, ಮಣ್ಣು ತಳ್ಳದ ಹಾಗೆ ಒಳಗಿನಿಂದಲೇ ಹಿಡಿದುಕೊಳ್ಳಬಹುದಲ್ವಾ?

ಒಂದು ಸಣ್ಣ ಪ್ರಯೋಗ ಮಾಡಿ. ಎರಡು ನೋಟ್‌ಬುಕ್ ತಗೊಂಡು ಒಂದರ ಹಾಳೆಯ ಮೇಲೆ ಇನ್ನೊಂದರ ಹಾಳೆ ಬರುವ ಹಾಗೆ, ಇಸ್ಪೀಟು ಕಲೆಸಿದಂತೆ, ಪೂರ್ತಿ ಹೆಣೆಯಿರಿ. ಗೋಂದು ಬೇಡ. ಈಗ ಎರಡೂ ಬೆನ್ನು ಹಿಡಿದು ಎಳೆಯಿರಿ. ಬಿಡಿಸಲು ಆಗುವುದಿಲ್ಲ. ಒಂದೊಂದು ಹಾಳೆಯ ಘರ್ಷಣೆ ತೀರಾ ಕಮ್ಮಿ, ಆದರೆ ಎಲ್ಲ ಸೇರಿದಾಗ ಇಬ್ಬರು ಗಟ್ಟಿಮುಟ್ಟಾದವರು ಎಳೆದರೂ ಜಗ್ಗದು. ಆರ್‌ಇ ವಾಲ್ ಒಳಗೆ ನಡೆಯುವುದು ಇದೇ. ಒಂದು ಪದರ ಮಣ್ಣು, ಅದರ ಮೇಲೆ ಪಟ್ಟಿ ಅಥವಾ ಬಲೆ, ಮತ್ತೆ ಮಣ್ಣು, ಮತ್ತೆ ಬಲೆ.

ಮಣ್ಣನ್ನು ಒತ್ತಿದರೆ ತಾಳಿಕೊಳ್ಳುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ಕಾಂಕ್ರೀಟಿನ ಕಥೆಯೂ ಇದೇ, ಅದಕ್ಕೇ ಅದರೊಳಗೆ ಕಬ್ಬಿಣ ಹಾಕುತ್ತೇವೆ. ಇಲ್ಲೂ ಎಳೆತ ತಡೆಯುವ ವಸ್ತುವನ್ನು ಮಣ್ಣಿನ ನಡುವೆ ಅಡ್ಡಲಾಗಿ ಮಲಗಿಸುತ್ತೇವೆ. ಮೇಲಿನ ಭಾರಕ್ಕೆ ಮಣ್ಣು ಪಕ್ಕಕ್ಕೆ ಹಿಗ್ಗಲು ಹೋದಾಗ ಪಟ್ಟಿ ಅದನ್ನು ಹಿಡಿದು ಎಳೆಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆಂದ ಅನಿಸುವುದು ಅದೇ. ಕಾಂಕ್ರೀಟು ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಮಣ್ಣು ಪಟ್ಟಿಗೆ ಅಂಟಿಕೊಳ್ಳುವುದಿಲ್ಲ, ಅಲ್ಲಿರುವುದು ಘರ್ಷಣೆ ಮಾತ್ರ. ಘರ್ಷಣೆ ಇರುವುದು ಮೇಲಿನಿಂದ ಒತ್ತುವ ಭಾರದಿಂದ. ಹಾಗಾಗಿ ಆಳಕ್ಕೆ ಹೋದಂತೆ ತಳ್ಳುವ ಬಲ ಜಾಸ್ತಿಯಾದರೆ, ಹಿಡಿತವೂ ಅದರ ಜೊತೆಗೇ ಜಾಸ್ತಿಯಾಗುತ್ತದೆ. ಗೋಡೆಯನ್ನು ಕೆಡವಲು ನೋಡುವ ಭಾರವೇ ಗೋಡೆಯನ್ನು ಹಿಡಿದಿಡುವ ಕೆಲಸವನ್ನೂ ಮಾಡುತ್ತಿದೆ.

ಈ ಉಪಾಯವನ್ನು ಲೆಕ್ಕಾಚಾರದ ಮಟ್ಟಕ್ಕೆ ತಂದವರು ಫ್ರಾನ್ಸಿನ ಆಂರಿ ವಿದಾಲ್. ಅವರು ವಾಸ್ತುಶಿಲ್ಪಿ ಮತ್ತು ಎಂಜಿನಿಯರ್ ಎರಡೂ ಆಗಿದ್ದವರು. ಸಮುದ್ರ ತೀರದಲ್ಲಿ ಮರಳು ಗುಡ್ಡೆ ಮಾಡುತ್ತಾ, ನಡುನಡುವೆ ಪೈನ್ ಮರದ ಸೂಜಿ ಎಲೆಗಳನ್ನು ಇಟ್ಟಾಗ ಗುಡ್ಡೆ ಕಡಿದಾಗಿ ನಿಂತಿದ್ದನ್ನು ಕಂಡು ಅವರಿಗೆ ಹೊಳೆಯಿತು ಅನ್ನುವ ಕಥೆಯೊಂದು ಇದೆ. ನಿಜವೋ, ಆಮೇಲೆ ಕಟ್ಟಿದ್ದೋ, ಕಥೆಯಂತೂ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. 1963ರಲ್ಲಿ ಅವರು 'ತೆರ್ ಆರ್ಮೆ' (ಬಲಪಡಿಸಿದ ಮಣ್ಣು) ಹೆಸರಿನಲ್ಲಿ ಪೇಟೆಂಟ್ ಪಡೆದರು. 1965ರಲ್ಲಿ ಪಿರೆನೀಸ್ ಬೆಟ್ಟಗಳ ಪ್ರಾನ್ಯೇರ್‌ನಲ್ಲಿ ಮೊದಲ ಗೋಡೆ ಎದ್ದಿತು. 1972ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ 39ರಲ್ಲಿ ಅಮೆರಿಕದ ಮೊದಲ ಗೋಡೆ ಬಂತು. ಉಪಾಯ ಮಾತ್ರ ಬಹಳ ಹಳೆಯದು. ಬಾಗ್ದಾದ್ ಹತ್ತಿರ ಅಕರ್ ಕುಫ್‌ನಲ್ಲಿ 3,000 ವರ್ಷಕ್ಕೂ ಹಳೆಯ ಜಿಗ್ಗುರಾತ್ ಗೋಪುರ ಇವತ್ತಿಗೂ ನಿಂತಿದೆ. ಅದರ ಮಣ್ಣಿನ ಇಟ್ಟಿಗೆಗಳ ನಡುವೆ ಜೊಂಡಿನ ಚಾಪೆಗಳ ಪದರ ಕಣ್ಣಿಗೇ ಕಾಣುತ್ತದೆ. ಚೀನಾದ ಮಹಾಗೋಡೆಯ ಹಾನ್ ಕಾಲದ ಭಾಗಗಳಲ್ಲೂ, ಗೋಬಿ ಮರುಭೂಮಿಯ ಕಡೆ, ಜಲ್ಲಿ ಮತ್ತು ಜೊಂಡನ್ನು ಪದರ ಪದರವಾಗಿ ಹಾಕಿದ್ದಾರೆ. ಅಲ್ಲಿ ಕಲ್ಲು ಸಿಗುತ್ತಿರಲಿಲ್ಲ, ಇದ್ದುದರಲ್ಲೇ ಕೆಲಸ ಸಾಗಿಸಿದರು.

ಈಗ ನಮ್ಮ ಎಂಟು ಮೀಟರ್ ಗೋಡೆಗೆ ವಾಪಸ್ ಬರೋಣ. ಒಳಗೆ ಹಾಕುವ ಪಟ್ಟಿ ಎಷ್ಟು ಉದ್ದ ಇರಬೇಕು?

ಗೋಡೆ ಬಿದ್ದರೆ ಹಿಂದಿನ ಮಣ್ಣೆಲ್ಲ ಒಟ್ಟಿಗೆ ಬೀಳುವುದಿಲ್ಲ. ಬುಡದಿಂದ ಶುರುವಾಗಿ ಓರೆಯಾಗಿ ಮೇಲಕ್ಕೆ ಹೋಗುವ ಒಂದು ಗೆರೆಯ ಮುಂದಿರುವ ಮಣ್ಣು ಮಾತ್ರ ಬೆಣೆಯ ಆಕಾರದಲ್ಲಿ ಕಳಚಿಕೊಂಡು ಜಾರುತ್ತದೆ. ನಮ್ಮ 30 ಡಿಗ್ರಿ ಮಣ್ಣಿನಲ್ಲಿ ಆ ಗೆರೆ ನೆಲದಿಂದ 60 ಡಿಗ್ರಿ ಕೋನದಲ್ಲಿ ಏರುತ್ತದೆ. ಗೆರೆಯ ಮುಂದಿನದು ಜಾರಲು ಕಾಯುತ್ತಿರುವ ಮಣ್ಣು. ಗೆರೆಯ ಹಿಂದಿನದು ನೆಮ್ಮದಿಯಾಗಿ ಕೂತಿರುವ ಮಣ್ಣು. ಪಟ್ಟಿ ಮಾಡುವುದು ಜಾರುವ ಬೆಣೆಯನ್ನು ಹಿಂದಿನ ನೆಮ್ಮದಿಯ ಮಣ್ಣಿಗೆ ಕಟ್ಟಿಹಾಕುವ ಕೆಲಸ. ಅಂದರೆ ಬೆಣೆಯನ್ನು ದಾಟಿ ಹಿಂದಕ್ಕೆ ಹೋದ ಭಾಗ ಮಾತ್ರ ಲಂಗರು. ಬೆಣೆಯ ಒಳಗಿರುವ ಭಾಗವನ್ನು ಹಿಡಿತದ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಬೆಣೆ ಮೇಲ್ತುದಿಯಲ್ಲಿ ಎಷ್ಟು ಅಗಲ? ಎಂಟು ಮೀಟರ್ ಎತ್ತರಕ್ಕೆ 4.6 ಮೀಟರ್. ಅದರ ಹಿಂದಕ್ಕೆ ಕನಿಷ್ಠ ಒಂದು ಮೀಟರ್ ಲಂಗರು ಇರಲೇಬೇಕು ಅನ್ನುವುದು ಅಮೆರಿಕದ ಹೆದ್ದಾರಿ ನಿಯಮ. ಒಟ್ಟು 5.6 ಮೀಟರ್. ಈಗ ಎತ್ತರವನ್ನು 0.7ರಿಂದ ಗುಣಿಸಿ ನೋಡಿ. 5.6 ಮೀಟರ್! ಆರ್‌ಇ ವಾಲ್ ಬಗ್ಗೆ ಯಾರನ್ನೇ ಕೇಳಿದರೂ 'ಪಟ್ಟಿಯ ಉದ್ದ ಎತ್ತರದ 0.7 ಪಟ್ಟಾದರೂ ಇರಬೇಕು' ಅನ್ನುತ್ತಾರೆ. ಎಲ್ಲ ಎತ್ತರಕ್ಕೂ, ಎಲ್ಲ ಮಣ್ಣಿಗೂ ಲೆಕ್ಕ ಹೀಗೆ ಕರಾರುವಾಕ್ಕಾಗಿ ಕೂಡಿಬರುವುದಿಲ್ಲ, ಆದರೆ ಆ ಹೆಬ್ಬೆರಳ ಲೆಕ್ಕ ಎಲ್ಲಿಂದ ಬಂತು ಅನ್ನುವ ಅಂದಾಜು ಇದರಿಂದ ಸಿಗುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಬುಡದ ಪಟ್ಟಿಗೂ ಮೇಲಿನ ಪಟ್ಟಿಗೂ ಕಷ್ಟ ಬೇರೆ ಬೇರೆ. ಪಟ್ಟಿಗಳನ್ನು 60 ಸೆಂಟಿಮೀಟರಿಗೆ ಒಂದರಂತೆ ಹಾಕಿದ್ದೇವೆ ಅನ್ನಿ. ಬುಡದ ಪದರದ ಮೇಲೆ ಬೀಳುವ ಎಳೆತ ಮೀಟರಿಗೆ ಸುಮಾರು 29 ಕಿಲೋನ್ಯೂಟನ್, ಹೆಚ್ಚುಕಮ್ಮಿ ಮೂರು ಟನ್. ಆದರೆ ಅದರ ಮೇಲೆ ಎಂಟು ಮೀಟರ್ ಮಣ್ಣು ಕೂತಿದೆ, ಬೆಣೆಯೂ ಅಲ್ಲಿ ಕಿರಿದು, ಹಾಗಾಗಿ ಅದನ್ನು ಕಿತ್ತು ತೆಗೆಯುವುದು ಕನಸಿನ ಮಾತು. ಅದು ಸೋತರೆ ತುಂಡಾಗಿಯೇ ಸೋಲಬೇಕು. ಮೇಲಿನ ಪದರಕ್ಕೆ ಎಳೆತ ತೀರಾ ಕಮ್ಮಿ, ಅರ್ಧ ಮೀಟರ್ ಆಳದಲ್ಲಿ ಇನ್ನೂರು ಕಿಲೋ ಕೂಡ ಇಲ್ಲ. ಆದರೆ ಒತ್ತಿ ಹಿಡಿಯುವ ಭಾರವೂ ಅಲ್ಲಿಲ್ಲ, ಬೆಣೆಯೂ ಅಗಲ. ಅದು ಸೋತರೆ ತುಂಡಾಗದೆ ಇಡಿಯಾಗಿ ಜಾರಿ ಕಿತ್ತುಬರುತ್ತದೆ. ಅದಕ್ಕೇ ಬುಡದಲ್ಲಿ ಗಟ್ಟಿ ಪಟ್ಟಿ ಬೇಕು, ಮೇಲೆ ಉದ್ದ ಪಟ್ಟಿ ಬೇಕು. ಕಟ್ಟುವಾಗ ಗೊಂದಲ ಬೇಡ ಅಂತ ಸಾಮಾನ್ಯವಾಗಿ ಎಲ್ಲ ಪದರಗಳ ಉದ್ದವನ್ನೂ ಒಂದೇ ಇಟ್ಟು, ಗಟ್ಟಿತನವನ್ನು ಮಾತ್ರ ಬದಲಿಸುತ್ತಾರೆ.

ಪಟ್ಟಿ ಅಂತ ಹೇಳುತ್ತಿದ್ದೇನೆ, ಅದು ಯಾವುದರದ್ದು? ವಿದಾಲ್ ಕಾಲದಿಂದ ಬಂದದ್ದು ಉಕ್ಕಿನ ಪಟ್ಟಿ. 5 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ, ಹಿಡಿತಕ್ಕೆ ಅಂತ ಮೇಲೆ ಅಡ್ಡ ಏಣುಗಳು, ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ. ಎರಡನೆಯದು ಜಿಯೋಗ್ರಿಡ್, ಅಂದರೆ ಪ್ಲಾಸ್ಟಿಕ್ಕಿನ ಬಲೆ. ಪಾಲಿಎಥಿಲೀನ್ ಹಾಳೆಯಲ್ಲಿ ತೂತು ಹೊಡೆದು, ಎಳೆದು ಹಿಗ್ಗಿಸಿ ಮಾಡುವುದು ಒಂದು ಬಗೆ. ಪಾಲಿಯೆಸ್ಟರ್ ನೂಲನ್ನು ಹೆಣೆದು ಮೇಲೆ ಲೇಪ ಕೊಡುವುದು ಇನ್ನೊಂದು. ಬಲೆಯ ಕಣ್ಣುಗಳ ಒಳಗೆ ಜಲ್ಲಿ ಸಿಕ್ಕಿಕೊಳ್ಳುವುದರಿಂದ ಬರೀ ಮೇಲ್ಮೈ ಘರ್ಷಣೆಗಿಂತ ಒಳ್ಳೆ ಹಿಡಿತ ಸಿಗುತ್ತದೆ.

ಉಕ್ಕಿನ ಶತ್ರು ತುಕ್ಕು. ಮಣ್ಣಿನೊಳಗೆ ತುಕ್ಕನ್ನು ಪೂರ್ತಿ ತಡೆಯಲು ಆಗುವುದಿಲ್ಲ ಅಂತ ಒಪ್ಪಿಕೊಂಡೇ ಲೆಕ್ಕ ಹಾಕುತ್ತಾರೆ, ಇದು ನನಗೆ ಇಷ್ಟವಾಗುವ ಪ್ರಾಮಾಣಿಕತೆ. ಅಮೆರಿಕದ ನಿಯಮದ ಪ್ರಕಾರ ಒಳ್ಳೆ ಮಣ್ಣಿನಲ್ಲಿ ಸತುವು ಮೊದಲ ಎರಡು ವರ್ಷ ವರ್ಷಕ್ಕೆ 15 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸವೆಯುತ್ತದೆ, ಆಮೇಲೆ ವರ್ಷಕ್ಕೆ 4 ಮೈಕ್ರಾನ್. 86 ಮೈಕ್ರಾನ್ ಲೇಪ ಇದ್ದರೆ 16 ವರ್ಷಕ್ಕೆ ಮುಗಿಯಿತು. ಅಲ್ಲಿಂದ ಉಕ್ಕು ಒಂದೊಂದು ಬದಿಗೆ ವರ್ಷಕ್ಕೆ 12 ಮೈಕ್ರಾನ್ ಸವೆಯುತ್ತದೆ. 75 ವರ್ಷದ ಗೋಡೆ ಅಂದರೆ ಉಳಿದ 59 ವರ್ಷಕ್ಕೆ ಎರಡೂ ಬದಿ ಸೇರಿ ಸುಮಾರು 1.4 ಮಿಲಿಮೀಟರ್ ಹೋಗುತ್ತದೆ. 4 ಮಿಲಿಮೀಟರ್ ಪಟ್ಟಿಯಲ್ಲಿ 2.6 ಮಾತ್ರ ಉಳಿಯಿತು. ಮೊದಲ ದಿನದಿಂದಲೇ ಆ 2.6 ಅನ್ನೇ ನಂಬಿ ವಿನ್ಯಾಸ ಮಾಡಬೇಕು. ಮಣ್ಣಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ, ಅದಕ್ಕೆ ಉಕ್ಕಿನ ಪಟ್ಟಿ ಹಾಕುವ ಮುಂಚೆ ಮಣ್ಣಿನ ಕ್ಲೋರೈಡ್, ಸಲ್ಫೇಟ್, ಪಿಎಚ್ ಎಲ್ಲ ಪರೀಕ್ಷೆ ಆಗಲೇಬೇಕು.

ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಆದರೆ ಅದಕ್ಕೆ ತಾಳ್ಮೆ ಕಮ್ಮಿ. ಸಾಮಾನು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮೊಳೆಗೆ ನೇತುಹಾಕಿ. ಮೊದಲ ದಿನ ಏನೂ ಆಗುವುದಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಹಿಡಿ ಹಿಗ್ಗಿ ಉದ್ದವಾಗಿರುತ್ತದೆ. ಭಾರ ಬದಲಾಗಿಲ್ಲ, ಆದರೂ ಹಿಗ್ಗುತ್ತಲೇ ಇದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಹಾಗಾಗಿ ಲ್ಯಾಬಿನಲ್ಲಿ ಮೀಟರಿಗೆ 100 ಕಿಲೋನ್ಯೂಟನ್ ತಾಳಿದ ಜಿಯೋಗ್ರಿಡ್ಡನ್ನು ಗೋಡೆಯಲ್ಲಿ 100 ಅಂತ ನಂಬುವಂತಿಲ್ಲ. ಕ್ರೀಪಿಗೆ ಅಂತ 1.6ರಿಂದ ಭಾಗಿಸಿ, ಜಲ್ಲಿ ಸುರಿದು ರೋಲರ್ ಓಡಿಸುವಾಗ ಆಗುವ ಗಾಯಕ್ಕೆ ಅಂತ 1.2ರಿಂದ, ವಯಸ್ಸಾಗುವುದಕ್ಕೆ ಅಂತ 1.15ರಿಂದ ಭಾಗಿಸಿದರೆ ಉಳಿಯುವುದು 45. ಅದರ ಮೇಲೆ ಸುರಕ್ಷತೆಗೆ ಒಂದೂವರೆ ಪಟ್ಟು ಬಿಟ್ಟರೆ 30. ನಮ್ಮ ಬುಡದ ಪದರಕ್ಕೆ ಬೇಕಿದ್ದದ್ದು 29. ಅಂದರೆ '100' ಅಂತ ಬರೆದಿರುವ ಬಲೆ ಅಲ್ಲಿ ಕಷ್ಟಪಟ್ಟು ಸಾಕಾಗುತ್ತದೆ ಅಷ್ಟೇ, ಲಾರಿಗಳ ಭಾರ ಸೇರಿಸಿದರೆ ಸಾಲುವುದಿಲ್ಲ. ಈ ಭಾಗಾಕಾರಗಳು ಬಲೆಯ ಬಗೆ, ಮಣ್ಣಿನ ಬಗೆ ನೋಡಿಕೊಂಡು ಬದಲಾಗುತ್ತವೆ, ನಾನು ಹಿಡಿದದ್ದು ಉದಾಹರಣೆಗೆ ಮಾತ್ರ.

ಒಳಗಿನ ಲೆಕ್ಕ ಇಷ್ಟು. ಹೊರಗಿನದು ಬೇಗ ಮುಗಿಯುತ್ತದೆ. ಪಟ್ಟಿಗಳಿಂದ ಬಿಗಿದ 8 ಮೀಟರ್ ಎತ್ತರ, 5.6 ಮೀಟರ್ ಅಗಲದ ಮಣ್ಣನ್ನು ಒಂದೇ ಇಡೀ ದಿಮ್ಮಿ ಅಂದುಕೊಳ್ಳಿ. ಅದರ ತೂಕ ಮೀಟರಿಗೆ 806 ಕಿಲೋನ್ಯೂಟನ್, 80 ಟನ್ನಿಗೂ ಜಾಸ್ತಿ. ಹಿಂದಿನ ಮಣ್ಣು 192ರಿಂದ ತಳ್ಳುತ್ತಿದೆ, ಬುಡದ ಘರ್ಷಣೆ 465ರವರೆಗೆ ತಡೆಯಬಲ್ಲದು. ಜಾರುವುದಿಲ್ಲ. ಉರುಳುತ್ತದಾ? ಅಷ್ಟು ಅಗಲದ ದಿಮ್ಮಿ ಉರುಳುವುದು ಕಷ್ಟ, ಆದರೆ ಮುಂದಕ್ಕೆ ಸ್ವಲ್ಪ ವಾಲಿಕೊಳ್ಳಲು ನೋಡುವುದರಿಂದ ಬುಡದ ನೆಲದ ಮೇಲೆ ಭಾರ ಸಮನಾಗಿ ಬೀಳದೆ ಮುಂಭಾಗದಲ್ಲಿ ಜಾಸ್ತಿ ಬೀಳುತ್ತದೆ. ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 19 ಟನ್. ಕೆಳಗಿನ ನೆಲ ಅಷ್ಟನ್ನು ತಾಳಬೇಕು. ಮೆದು ಜೇಡಿಮಣ್ಣಿನ ಮೇಲೆ ಕಟ್ಟಿದ್ದರೆ ಗೋಡೆಯ ಒಳಗೆ ಎಲ್ಲ ಸರಿಯಿದ್ದರೂ ಇಡೀ ದಿಮ್ಮಿ ನೆಲದ ಸಮೇತ ದುಂಡಗೆ ತಿರುಗಿ ಜಾರಬಹುದು. ಇದನ್ನು ಮರೆಯುವವರು ಕಮ್ಮಿಯೇನಿಲ್ಲ, ಯಾಕೆಂದರೆ ಜಿಯೋಗ್ರಿಡ್ ಕೊಡುವವರು ಮಾಡಿಕೊಡುವ ಲೆಕ್ಕದಲ್ಲಿ ಕೆಳಗಿನ ನೆಲದ ಮಾತು ಎಷ್ಟೋ ಸಲ ಇರುವುದೇ ಇಲ್ಲ, ಅದು ಬೇರೆಯವರ ಜವಾಬ್ದಾರಿ ಅಂತ ಒಂದು ಸಾಲು ಬರೆದಿರುತ್ತಾರೆ.

ಈಗ ನೀರಿಗೆ ಬರೋಣ. ಈ ಬರಹದಲ್ಲಿ ಒಂದೇ ಒಂದು ಭಾಗ ಓದುತ್ತೀರಾದರೆ ಇದನ್ನು ಓದಿ.

ನಮ್ಮ ಎಂಟು ಮೀಟರ್ ಗೋಡೆಯ ಹಿಂದೆ ನೀರು ತುಂಬಿ ನಿಂತಿತು ಅಂದುಕೊಳ್ಳಿ. ನೀರೊಂದೇ ಮೀಟರಿಗೆ 314 ಕಿಲೋನ್ಯೂಟನ್ ತಳ್ಳುತ್ತದೆ. ಒಣ ಮಣ್ಣು ತಳ್ಳುತ್ತಿದ್ದದ್ದೇ 192! ನೀರಿನಲ್ಲಿ ಮುಳುಗಿದ ಮಣ್ಣು ಹಗುರಾಗುವುದರಿಂದ ಅದರ ಪಾಲು ಸುಮಾರು 109ಕ್ಕೆ ಇಳಿಯುತ್ತದೆ ನಿಜ, ಆದರೂ ಒಟ್ಟು 423. ಹತ್ತೊಂಬತ್ತೂವರೆ ಟನ್ ಇದ್ದದ್ದು 43 ಟನ್ ಆಯಿತು. ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತೇನೋ. ಆದರೆ ಮೊದಲೇ ಹೇಳಿದೆನಲ್ಲ, ಹಿಡಿತವೆಲ್ಲ ಘರ್ಷಣೆಯದ್ದು, ಘರ್ಷಣೆ ಕಾಳುಗಳ ಮೇಲಿನ ಒತ್ತಡದ್ದು ಅಂತ. ಬಿಗಿದ ದಿಮ್ಮಿಯ ಒಳಗೂ ನೀರು ತುಂಬಿದರೆ ಅದು ಕಾಳುಗಳನ್ನು ಎತ್ತಿ ಹಿಡಿಯುತ್ತದೆ, ಒತ್ತಡ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಹಿಡಿತವೂ ಅಷ್ಟೇ ಇಳಿಯುತ್ತದೆ. ತಳ್ಳುವುದು ಎರಡು ಪಟ್ಟು ದಾಟಿತು, ತಡೆಯುವುದು ಅರ್ಧವಾಯಿತು.

ಹಾಗಾಗಿ ಒಳಗೆ ಹಾಕುವ ಮಣ್ಣು ನೀರು ನಿಲ್ಲದ ಮಣ್ಣಾಗಿರಬೇಕು. ಅಮೆರಿಕದ ಹೆದ್ದಾರಿ ನಿಯಮದಲ್ಲಿ 75 ಮೈಕ್ರಾನಿಗಿಂತ ನುಣುಪಾದ ಕಣ 15 ಶೇಕಡಕ್ಕಿಂತ ಜಾಸ್ತಿ ಇರಬಾರದು. ಬಹಳ ದೇಶಗಳ ನಿಯಮಗಳೂ ಇದರ ಆಸುಪಾಸಿನಲ್ಲೇ ಇವೆ. ನುಣುಪು ಕಣ ಅಂದರೆ ಗೋಡು, ಜೇಡಿ. ಅವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಒದ್ದೆಯಾದರೆ ಉಬ್ಬುತ್ತವೆ, ಒಣಗಿದರೆ ಬಿರಿಯುತ್ತವೆ, ಘರ್ಷಣೆಯೂ ಕಮ್ಮಿ. ಇದು ಎಲ್ಲರಿಗೂ ಗೊತ್ತು. ಆದರೂ ಎಡವುವುದು ಇಲ್ಲೇ. ಯಾಕೆ? ಗೋಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬೇಕಾಗುವ ಸಾಮಾನು ಮಣ್ಣೇ. ಹಲಗೆಯಲ್ಲಿ ಉಳಿಸಿದರೆ ಕಣ್ಣಿಗೆ ಕಾಣುತ್ತದೆ, ಬಲೆಯಲ್ಲಿ ಉಳಿಸಿದರೆ ಬಿಲ್ಲಿನಲ್ಲಿ ಕಾಣುತ್ತದೆ, ಮಣ್ಣಿನಲ್ಲಿ ಉಳಿಸಿದರೆ ಮೇಲೆ ರಸ್ತೆ ಹಾಕಿ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ದೂರದಿಂದ ಒಳ್ಳೆ ಮರಳು ತರಿಸುವ ಬದಲು ಪಕ್ಕದಲ್ಲೇ ಅಗೆದ ಮಣ್ಣು ಸುರಿದರೆ ಲಾರಿ ಬಾಡಿಗೆ ಉಳಿಯಿತು.

ಅಮೆರಿಕದ ರಾಬರ್ಟ್ ಕರ್ನರ್ ಮತ್ತು ಜಾರ್ಜ್ ಕರ್ನರ್ ಸೋತುಹೋದ ಗೋಡೆಗಳ ಪಟ್ಟಿ ಮಾಡುತ್ತಾ ಬಂದವರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪ್ಲಾಸ್ಟಿಕ್ ಬಲೆ, ಬಟ್ಟೆ ಬಳಸಿದ 171 ಗೋಡೆಗಳಿವೆ. ಅವುಗಳಲ್ಲಿ 61 ಶೇಕಡ ಗೋಡೆಗಳೊಳಗೆ ಗೋಡು ಅಥವಾ ಜೇಡಿ ತುಂಬಿದ್ದರು. 72 ಶೇಕಡದಲ್ಲಿ ದಮ್ಮಸ್ಸು ಸರಿಯಾಗಿರಲಿಲ್ಲ. 60 ಶೇಕಡಕ್ಕೆ ಒಳಗಿನ ಅಥವಾ ಹೊರಗಿನ ನೀರು ಕಾರಣ. 86 ಶೇಕಡ ಗೋಡೆಗಳು ನಾಲ್ಕು ವರ್ಷದೊಳಗೇ ಸೋತಿದ್ದವು. ಈ ಕೊನೆಯ ಅಂಕಿ ನೋಡಿ. 75 ವರ್ಷಕ್ಕೆ ಅಂತ ತುಕ್ಕು, ಕ್ರೀಪ್ ಎಲ್ಲ ಲೆಕ್ಕ ಹಾಕಿ ಕೂರುತ್ತೇವೆ, ಬೀಳುವ ಗೋಡೆ ಅಲ್ಲಿಯವರೆಗೆ ಕಾಯುವುದೇ ಇಲ್ಲ, ಕೆಲವು ಮಳೆಗಾಲ ನೋಡಿಯೇ ಹೋಗುತ್ತದೆ.

ನೀರಿಗೆ ದಾರಿ ಮಾಡಿಕೊಡುವುದು ಕಷ್ಟವೇನಲ್ಲ. ಹಲಗೆಯ ಬೆನ್ನಿಗೆ 30ರಿಂದ 60 ಸೆಂಟಿಮೀಟರ್ ಜಲ್ಲಿಯ ಪದರ, ಬುಡದಲ್ಲಿ ತೂತಿರುವ ಪೈಪು, ಹಲಗೆಗಳ ಸಂದಿನ ಹಿಂದೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ. ಹಿಂದಿನ ಗುಡ್ಡದಿಂದ ನೀರು ಜಿನುಗುತ್ತಿದ್ದರೆ ಬಿಗಿದ ದಿಮ್ಮಿಯ ಹಿಂಬದಿಯಲ್ಲೂ ಇನ್ನೊಂದು ಜಲ್ಲಿ ಪದರ. ಮೇಲಿನ ರಸ್ತೆಯ ಮಳೆ ನೀರು ಗೋಡೆಯೊಳಗೆ ಇಳಿಯದ ಹಾಗೆ ಚರಂಡಿ. ಇನ್ನು ಗೋಡೆಯೊಳಗೇ ನೀರಿನ ಪೈಪು, ಮೋರಿ ಹಾಯಿಸುವುದು ಕೈಯಾರೆ ಕೇಡು ತಂದುಕೊಂಡ ಹಾಗೆ. ಇವತ್ತಲ್ಲ ನಾಳೆ ಅದು ಸೋರುತ್ತದೆ.

ಕಟ್ಟುವ ಕೆಲಸ ನೋಡಲು ಸರಳ, ಆದರೆ ಎಡವಲು ಜಾಗ ಬೇಕಾದಷ್ಟಿದೆ. ಮೊದಲು ನೆಲ ಸಮ ಮಾಡಿ, ಹಲಗೆ ನಿಲ್ಲಿಸಲು 30 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ. ನೋಡಿದವರು ಇದೇ ಅಡಿಪಾಯ ಅಂದುಕೊಳ್ಳುತ್ತಾರೆ. ಅಲ್ಲ, ಅದು ಮೊದಲ ಸಾಲಿನ ಹಲಗೆಗಳು ಮಟ್ಟವಾಗಿ ಕೂರಲಿ ಅಂತ ಅಷ್ಟೇ, ಅದರಲ್ಲಿ ಕಬ್ಬಿಣ ಕೂಡ ಇರುವುದಿಲ್ಲ. ಹಲಗೆಗಳನ್ನು ನಿಲ್ಲಿಸುವಾಗ ಸ್ವಲ್ಪ ಒಳಕ್ಕೆ ವಾಲಿಸಿ ನಿಲ್ಲಿಸುತ್ತಾರೆ. ಹಿಂದೆ ಮಣ್ಣು ಹಾಕಿ ರೋಲರ್ ಓಡಿಸಿದಾಗ ಹಲಗೆ ಹೊರಕ್ಕೆ ಸರಿದು ನೆಟ್ಟಗಾಗುತ್ತದೆ. ಎಷ್ಟು ವಾಲಿಸಬೇಕು ಅನ್ನುವುದು ಮಣ್ಣು, ಪಟ್ಟಿ, ರೋಲರ್ ಎಲ್ಲ ನೋಡಿಕೊಂಡು ಹೇಳಬೇಕಾದ ಮಾತು, ಹಳಬ ಮೇಸ್ತ್ರಿಗಳಿಗೆ ಮೊದಲೆರಡು ಸಾಲು ಏಳುವಷ್ಟರಲ್ಲಿ ಅದರ ಅಂದಾಜು ಸಿಕ್ಕಿಬಿಡುತ್ತದೆ.

ಮಣ್ಣನ್ನು 20ರಿಂದ 25 ಸೆಂಟಿಮೀಟರ್ ಪದರದಲ್ಲಿ ಹಾಕಿ ದಮ್ಮಸ್ಸು ಮಾಡಬೇಕು. ಹಲಗೆಯಿಂದ ಒಂದೂವರೆ ಮೀಟರ್ ಒಳಗೆ ದೊಡ್ಡ ರೋಲರ್ ಬರಬಾರದು, ಬಂದರೆ ಹಲಗೆ ಹೊರಗೆ ಉಬ್ಬುತ್ತದೆ. ಅಲ್ಲಿ ಕೈಯಲ್ಲಿ ನಡೆಸುವ ಸಣ್ಣ ಯಂತ್ರವೇ ಗತಿ. ಇದು ನಿಧಾನದ ಕೆಲಸ, ಬೇಸರದ ಕೆಲಸ, ಅದಕ್ಕೇ ಗೋಡೆಗೆ ಅಂಟಿದ ಆ ಒಂದೂವರೆ ಮೀಟರಿನಲ್ಲೇ ಮಣ್ಣು ಸಡಿಲವಾಗಿ ಉಳಿದು, ಆಮೇಲೆ ಇಳಿದು, ಪಟ್ಟಿ ಹಲಗೆಗೆ ಸೇರುವ ಜಾಗದಲ್ಲಿ ಅದನ್ನು ಕೆಳಕ್ಕೆ ಜಗ್ಗುತ್ತದೆ. ಜಿಯೋಗ್ರಿಡ್ಡಾದರೆ ಸುಕ್ಕಿಲ್ಲದೆ ಬಿಗಿಯಾಗಿ ಎಳೆದು ಹಾಸಬೇಕು, ಮೇಲೆ 15 ಸೆಂಟಿಮೀಟರ್ ಮಣ್ಣು ಬೀಳುವ ತನಕ ಚೈನಿನ ಗಾಡಿ ಅದರ ಮೇಲೆ ಹತ್ತಬಾರದು. ಇನ್ನೊಂದು ವಿಷಯ, ಈ ಬಲೆಗಳಲ್ಲಿ ಬಹುಪಾಲಿಗೆ ಬಲ ಇರುವುದು ಒಂದೇ ದಿಕ್ಕಿನಲ್ಲಿ. ಆ ದಿಕ್ಕು ಗೋಡೆಯಿಂದ ಹಿಂದಕ್ಕೆ ಹೋಗುವ ಹಾಗೆ ಹಾಸದೆ ಅಡ್ಡಕ್ಕೆ ಹಾಸಿದರೆ, ದೂರದಿಂದ ನೋಡಲು ಎಲ್ಲ ಒಂದೇ, ಒಳಗೆ ಬಲ ಇಲ್ಲ. ರೋಲನ್ನು ಗೋಡೆಯ ಉದ್ದಕ್ಕೆ ಉರುಳಿಸುವುದು ಕೆಲಸಗಾರರಿಗೆ ಸುಲಭ, ಆದರೆ ಉರುಳಿಸಬೇಕಾದ್ದು ಗೋಡೆಯಿಂದ ಹಿಂದಕ್ಕೆ. ನಿಂತು ನೋಡಿಕೊಳ್ಳುವವರು ಇಲ್ಲದಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ತಲೆನೋವಿದ್ದರೂ ಜನ ಇದನ್ನೇ ಯಾಕೆ ಕಟ್ಟುತ್ತಾರೆ? ಅಗ್ಗ, ಬೇಗ ಏಳುತ್ತದೆ, ಆಳದ ಅಡಿಪಾಯ ಬೇಡ ಅನ್ನುವುದೆಲ್ಲ ಸರಿ. ನನಗೆ ಮುಖ್ಯ ಅನಿಸುವುದು ಅದರ ಬಾಗುವ ಗುಣ. ಕಾಂಕ್ರೀಟ್ ತಡೆಗೋಡೆಯ ಕೆಳಗಿನ ನೆಲ ಒಂದು ಕಡೆ ಸ್ವಲ್ಪ ಇಳಿದರೂ ಬಿರುಕು ಬಿಡುತ್ತದೆ. ಆರ್‌ಇ ವಾಲ್ ಬಿಡಿ ಹಲಗೆಗಳದ್ದು, ನೂರು ಮೀಟರ್ ಉದ್ದದಲ್ಲಿ ಒಂದು ಮೀಟರ್ ಏರುಪೇರಾದರೂ ಸಂದುಗಳಲ್ಲೇ ಹೊಂದಿಸಿಕೊಳ್ಳುತ್ತದೆ. ಆ ಬೆರಳಗಲದ ಸಂದು ಇರುವುದೇ ಅದಕ್ಕೆ. ಭೂಕಂಪದಲ್ಲೂ ಇದು ಕೈಹಿಡಿಯುತ್ತದೆ. 1995ರ ಕೋಬೆ ಭೂಕಂಪದಲ್ಲಿ ತನಾತಾ ಎಂಬಲ್ಲಿ ರೈಲು ಹಳಿಯ ಪಕ್ಕ ಜಿಯೋಗ್ರಿಡ್ ಹಾಕಿ ಕಟ್ಟಿದ್ದ ಗೋಡೆ ಸ್ವಲ್ಪ ಸರಿಯಿತು, ಬೀಳಲಿಲ್ಲ. ಅದೇ ಭೂಕಂಪದಲ್ಲಿ ಹಳೆಯ ಬಗೆಯ ಭಾರದ ಗೋಡೆಗಳು ಎಷ್ಟೋ ಉರುಳಿದ್ದವು. ಎತ್ತರದ ಮಾತಿಗೆ ಬಂದರೆ, ಅಮೆರಿಕದ ಸಿಯಾಟಲ್ ವಿಮಾನ ನಿಲ್ದಾಣದ ಮೂರನೇ ರನ್‌ವೇಗೆ ಉಕ್ಕಿನ ಪಟ್ಟಿ ಹಾಕಿ 40 ಮೀಟರಿಗೂ ಎತ್ತರದ ಗೋಡೆ ಎಬ್ಬಿಸಿದ್ದಾರೆ. ಅಷ್ಟು ಎತ್ತರಕ್ಕೆ ಮಾಮೂಲಿ ಕಾಂಕ್ರೀಟ್ ತಡೆಗೋಡೆಯನ್ನು ಯಾರೂ ಯೋಚಿಸುವುದೂ ಇಲ್ಲ.

ಕಟ್ಟಿ ಮುಗಿಸಿದ ಮೇಲೂ ಒಂದು ಅಪಾಯ ಉಳಿದಿರುತ್ತದೆ, ಅದು ಗುದ್ದಲಿಯದ್ದು. ಎಷ್ಟೋ ವರ್ಷದ ಮೇಲೆ ಯಾರೋ ಕೇಬಲ್ ಹಾಕಲು ಬರುತ್ತಾರೆ. ರಸ್ತೆಯ ಅಂಚಿನಲ್ಲಿ ಗೋಡೆಯ ಉದ್ದಕ್ಕೂ ಒಂದು ಮೀಟರ್ ಆಳಕ್ಕೆ ಅಗೆಯುತ್ತಾರೆ. ನಡುವೆ ಏನೋ ಪ್ಲಾಸ್ಟಿಕ್ ಬಲೆ ಅಡ್ಡ ಬರುತ್ತದೆ. ಕತ್ತರಿಸಿ ಮುಂದೆ ಹೋಗುತ್ತಾರೆ. ಮೇಲಿನ ಎರಡು ಪದರ ಅಲ್ಲಿಗೆ ಮುಗಿಯಿತು, ಹಲಗೆಗೆ ಹಿಂದಿನ ಲಂಗರೇ ಇಲ್ಲ. ದೀಪದ ಕಂಬಕ್ಕೆ ಗುಂಡಿ ತೋಡುವಾಗ ಆಗುವುದೂ ಇದೇ. ಅದಕ್ಕೇ ಕಂಬ, ಪೈಪು, ಕೇಬಲ್ ಎಲ್ಲಿ ಬರುತ್ತವೆ ಅಂತ ನಕ್ಷೆಯಲ್ಲೇ ತೀರ್ಮಾನಿಸಿ, ಅವುಗಳ ಸುತ್ತ ಪಟ್ಟಿಗಳನ್ನು ಮೊದಲೇ ಹೊಂದಿಸಿಡಬೇಕು. ಗಾಡಿ ಡಿಕ್ಕಿ ಹೊಡೆದರೆ ತಡೆಯಲು ಮೇಲೆ ಕಟ್ಟುವ ಗಿಡ್ಡ ಕಾಂಕ್ರೀಟ್ ಗೋಡೆಯನ್ನೂ ಹಲಗೆಗಳ ಮೇಲೆ ಕೂರಿಸುವುದಿಲ್ಲ. ಅದಕ್ಕೆ ರಸ್ತೆಯ ಕೆಳಗೆ ಹಿಂದಕ್ಕೆ ಚಾಚಿದ ಬೇರೆ ಚಪ್ಪಡಿ ಇರುತ್ತದೆ, ಲಾರಿಯ ಏಟನ್ನು ಆ ಚಪ್ಪಡಿಯ ಭಾರ ತಡೆಯುತ್ತದೆ.

ಮುಂದಿನ ಸಲ ಇಂಥ ಗೋಡೆಯ ಪಕ್ಕ ನಡೆದು ಹೋಗುವಾಗ ನಿಧಾನಕ್ಕೆ ನೋಡಿ. ಹಲಗೆಗಳ ಸಾಲು ಒಂದು ಕಡೆ ಹೊಟ್ಟೆ ಬಿಟ್ಟಿದೆಯಾ, ಸಂದುಗಳು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಕೈ ತೂರುವಷ್ಟು ಅಗಲವಾಗಿವೆಯಾ, ಸಂದಿನಿಂದ ಗಿಡ ಎದ್ದಿದೆಯಾ, ಮೇಲಿನ ರಸ್ತೆ ಗೋಡೆಗೆ ಸಮಾನಾಂತರವಾಗಿ ಬಿರುಕು ಬಿಟ್ಟಿದೆಯಾ. ಮಳೆ ಬಂದು ಎರಡು ದಿನವಾದ ಮೇಲೂ ಸಂದುಗಳಿಂದ ತೊಟ್ಟಿಕ್ಕುತ್ತಿದ್ದರೆ ಒಳಗೆ ನೀರು ನಿಂತಿದೆ ಅಂತ ಅರ್ಥ. ತೊಟ್ಟಿಕ್ಕುವ ನೀರು ತಿಳಿಯಾಗಿದ್ದರೆ ಅದು ಇದ್ದುದರಲ್ಲಿ ವಾಸಿ, ನೀರಾದರೂ ಹೊರಗೆ ಬರುತ್ತಿದೆ. ಕೆಂಪಗೆ ರಾಡಿಯಾಗಿದ್ದು, ಗೋಡೆಯ ಬುಡದಲ್ಲಿ ನುಣುಪು ಮಣ್ಣಿನ ಸಣ್ಣ ಗುಡ್ಡೆ ಬಿದ್ದಿದ್ದರೆ, ಸಂದಿನ ಹಿಂದಿನ ಬಟ್ಟೆ ಹರಿದಿದೆ ಅಥವಾ ಹಾಕಿಯೇ ಇಲ್ಲ. ಹೊರಗೆ ಬಿದ್ದಿರುವ ಆ ಮಣ್ಣೇ ಗೋಡೆ.